ಫ್ಲಾಸ್ಕಿನಲ್ಲಿ ಬಂದ ರಕ್ತದ ತಿಳಿ

ಚಾಮರಾಜಪೇಟೆ, ಬೆಂಗಳೂರು
೧೨ ಫೆಬ್ರವರಿ ೧೯೫೪

ಪ್ರೀತಿಯ ಗೋದಾ,

ಇವತ್ತು ಮಧ್ಯಾಹ್ನ ಜ್ವರದಲ್ಲಿ ಮಲಗಿದ್ದಾಗ ನೀನು ಬಂದಿದ್ದೆ. ಸಂಪಿಗೆ ರಸ್ತೆಯ ತುಂಬ ಹೂ ಬಿದ್ದಿತ್ತು. ಸ್ಕೂಲಿನ ಗಂಟೆ ಹೊಡೆದುಹೋಗಿತ್ತು. ನಾವಿಬ್ಬರೂ ಲಂಗ ಎತ್ತಿಕೊಂಡು ಓಡುತ್ತಿದ್ದೆವು, ಎಷ್ಟು ಓಡಿದರೂ ಸ್ಕೂಲು ಅಷ್ಟೇ ದೂರದಲ್ಲಿತ್ತು. ನಿನಗೆ ಅದರ ಚಿಂತೆಯೇ ಇರಲಿಲ್ಲ, ಹೂ ಆರಿಸುತ್ತ ನಿಂತುಬಿಟ್ಟೆ. ಎಚ್ಚರವಾದ ಮೇಲೆ ಅಂಗೈ ಮೂಸಿ ನೋಡಿಕೊಂಡೆ. ಅತ್ತೆ ತಿಕ್ಕಿದ ಎಣ್ಣೆಯ ವಾಸನೆ ಬಂತು.

ಸಂಗತಿ ಹೇಳುತ್ತೇನೆ. ಸಂಕ್ರಾಂತಿಯಿಂದ ಬೆರಳ ಗೆಣ್ಣುಗಳು ಊದಿಕೊಂಡಿವೆ. ಬೆಳಿಗ್ಗೆ ಎದ್ದರೆ ಚೊಂಬು ಹಿಡಿಯಲಾಗುವುದಿಲ್ಲ. ಸಂಜೆಯಾದರೆ ಸಣ್ಣಗೆ ಜ್ವರ. ಕೆನ್ನೆಗಳೆರಡೂ ಕೆಂಪಗಾಗಿ, ಆ ಕೆಂಪು ಮೂಗನ್ನು ದಾಟಿ ಒಂದಾಗಿದೆ. ಮೊದಲ ದಿನ ಇವರು ಕಾಟನ್‌ಪೇಟೆಯ ಅಂಗಡಿಯಿಂದ ಬಂದವರೇ, "ಏನಿವತ್ತು ಇಷ್ಟೊಂದು ನಾಚ್ಕೊಂಡಿದೀಯ?" ಎಂದರು. ನನಗೂ ನಗು ಬಂತು. ಒಂದು ತಿಂಗಳಿಂದ ಅದೇ ನಾಚಿಕೆ ಇಳಿಯದೆ ಕೂತಿದೆ ನೋಡು.

ಅತ್ತೆ ದಾಕ್ಷಾಯಣಮ್ಮನವರ ವೈದ್ಯ ಜೋರಾಗಿ ನಡೆದಿದೆ. ಬೆಳಿಗ್ಗೆ ನಾನೂ ಇವರೂ ಅಕ್ಕಪಕ್ಕ ಮಣೆ ಹಾಕಿಕೊಂಡು ಲಿಂಗಪೂಜೆ ಮುಗಿಸಿದ್ದೇ ತಡ, ಅತ್ತೆ ನನ್ನನ್ನು ತಾರಸಿಗೆ ಹತ್ತಿಸಿ, ಕೀಲುಕೀಲಿಗೂ ಎಣ್ಣೆ ತಿಕ್ಕಿ, ಒಂದು ಗಂಟೆ ಬಿಸಿಲಿಗೆ ಕೂರಿಸುತ್ತಾರೆ. "ಬಿಸ್ಲು ಮೂಳೆಗೆ ಇಳೀಬೇಕು ಕಣಮ್ಮ, ಅಲ್ಲಾಡ್ಬೇಡ" ಎಂದು ಕಾವಲು ಬೇರೆ. ಹೋದ ವರ್ಷ ಮಗು ನಾಲ್ಕು ತಿಂಗಳಿಗೇ ಹೊಟ್ಟೆಯಲ್ಲೇ ಹೋದಾಗಿನಿಂದ ನನ್ನನ್ನು ಗಾಜಿನ ಲೋಟದ ಹಾಗೆ ಎತ್ತಿ ಇಡುತ್ತಾರೆ. ಬೇಡವೆನ್ನಲು ಮನಸ್ಸು ಬರುವುದಿಲ್ಲ. ನೀನು ಆಸ್ಪತ್ರೆಯವಳು, ಹೇಳು, ಹೀಗೆ ಬಿಸಿಲಿಗೆ ಕೂರುವುದು ಒಳ್ಳೆಯದೇ?

ನಿನ್ನ
ಮಹಾನಂದ

•

ಮದರಾಸು
೨೦ ಫೆಬ್ರವರಿ ೧೯೫೪

ಮಹಾನಂದ,

ಕನಸಿನಲ್ಲೂ ನನ್ನನ್ನು ಸ್ಕೂಲಿಗೆ ತಡಮಾಡಿಸಿದೆಯಲ್ಲ! ನಿಜಕ್ಕೂ ತಡಮಾಡುತ್ತಿದ್ದವಳು ನೀನು. ಕೈಕಟ್ಟಿ ಹೊರಗೆ ನಿಲ್ಲುತ್ತಿದ್ದವಳು ಮಾತ್ರ ನಾನು.

ಬಿಸಿಲು ಬಹಳ ಒಳ್ಳೆಯದು ಕಣೇ. ನಿಮ್ಮತ್ತೆಗೆ ನನ್ನ ನಮಸ್ಕಾರ ತಿಳಿಸು. ಒಂದು ಗಂಟೆ ಯಾಕೆ, ಎರಡು ಗಂಟೆ ಕೂತುಕೋ. ನಾನಿಲ್ಲಿ ಇಡೀ ದಿನ ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿಕೊಂಡು ಕೂತಿರುತ್ತೇನೆ. ಹೊರಗೆ ಬಿಸಿಲಿದೆಯೋ ಮಳೆಯಿದೆಯೋ ಯಾರಾದರೂ ಹೇಳಿದರೆ ಗೊತ್ತಾಗುತ್ತದೆ. ನಿನ್ನ ತಾರಸಿ ನೆನೆದು ಹೊಟ್ಟೆ ಉರಿಯಿತು.

ಎಣ್ಣೆ ಸಾಕಾಗದಿದ್ದರೆ ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸು. ನೂರು ಜನ ನೂರು ಹೇಳಲಿ, ರಕ್ತ ಸುಳ್ಳು ಹೇಳುವುದಿಲ್ಲ. ದಿನಾ ಅದನ್ನೇ ನೋಡುವವಳು ಹೇಳುತ್ತಿದ್ದೇನೆ, ಕೇಳು.

ನಮ್ಮಮ್ಮ ಮಲ್ಲೇಶ್ವರದಿಂದ ಇನ್ನೊಂದು ಜಾತಕ ಕಳಿಸಿದ್ದಾಳೆ. ಉತ್ತರ ಬರೆಯದೆ ಕೂತಿದ್ದೇನೆ.

ಗೋದಾ

•

ಚಾಮರಾಜಪೇಟೆ
೯ ಮೇ ೧೯೫೪

ಗೋದಾ,

ನೀನು ಹೇಳಿದಂತೆ ರಕ್ತ ಪರೀಕ್ಷೆ ಆಯಿತು. ಇಂಜೆಕ್ಷನ್ ಕೊಡುತ್ತಿದ್ದಾರೆ. ಬರೆಯುವಂಥದ್ದು ಏನೂ ಇಲ್ಲ.

ಬೇಸಿಗೆ ಜೋರು. ಬಿಸಿಲಿಗೆ ತಪ್ಪದೆ ಕೂರುತ್ತಿದ್ದೇನೆ. ಕೂತಲ್ಲೇ ಕಣ್ಣು ಎಳೆಯುತ್ತದೆ. ಯಾವುದೋ ಮನೆ ಕಾಣುತ್ತದೆ, ಅದರ ಬಾಗಿಲುಗಳೆಲ್ಲ ಬೀದಿಗೇ ತೆರೆಯುತ್ತವೆ, ಒಳಗೆ ಹೋಗಲು ಒಂದೂ ಇಲ್ಲ. ಇವತ್ತು ಅತ್ತೆ, "ಯಾಕಮ್ಮ, ಪೂಜೇಲಿ ನಿನ್ನ ಮಣೆ ಗೋಡೆ ಹತ್ರ ಹಾಕ್ಕೊಂಡಿದೀಯ?" ಎಂದು ಕೇಳಿದರು. ಒರಗಿಕೊಳ್ಳಲು ಅನುಕೂಲ ಎಂದೆ.

ಮಹಾನಂದ

•

ಮದರಾಸು
೧೮ ಮೇ ೧೯೫೪

ಮಹಾನಂದ,

ಇದೇನು ಕಾಗದವೇ, ತಂತಿಯೇ? ಗಂಡನ ಮೇಲೆ ಮುನಿಸು ಎಂದು ಕಾಣುತ್ತದೆ. ಬೊಂಬಾಯಿಗೆ ಬಟ್ಟೆ ಖರೀದಿಗೆ ಹೋದವರು ಸೀರೆ ತರಲಿಲ್ಲವೇ? ಅಷ್ಟಕ್ಕೆಲ್ಲ ಮಣೆ ಗೋಡೆಗೆ ಸರಿಸುತ್ತಾರೇನೇ? ಪಾಪ, ಆ ಮನುಷ್ಯ ಮದುವೆ ಮನೆಯಲ್ಲಿ ನಿನ್ನ ಕಡೆ ಒಂದು ಸಲ ನೋಡಲು ಮೂರು ಸಲ ಪಂಚೆ ಸರಿಮಾಡಿಕೊಂಡವರು. ಒಂದು ದಿನ ಸತಾಯಿಸು, ಸಾಕು.

ಯಾವ ಇಂಜೆಕ್ಷನ್ ಎಂದು ಬರಿ. ಮರೆಯಬೇಡ.

ಗೋದಾ

•

ಚಾಮರಾಜಪೇಟೆ
೩ ಸೆಪ್ಟೆಂಬರ್ ೧೯೫೪

ಗೋದಾ,

ನಿನ್ನ ಮೂರು ಕಾಗದಗಳೂ ಬಂದವು. ಉತ್ತರ ಬರೆಯಲು ಕೂತಾಗಲೆಲ್ಲ ನಾಚಿಕೆಯಾಗಿ ಎದ್ದುಬಿಟ್ಟೆ. ಗೌರಿ ಹಬ್ಬ ಮುಗಿಯಿತು. ಬಾಗಿನ ಕೊಡುವಾಗ ಮೊರ ಕೈಜಾರಿ ಬಿತ್ತು. ಇನ್ನು ಬಚ್ಚಿಡಲಾರೆ.

ಏಪ್ರಿಲಿನಲ್ಲಿ ರಕ್ತದ ವರದಿ ಬಂತು. ನಮ್ಮಲ್ಲಿ ಹೆಂಗಸಿನ ವರದಿಯನ್ನು ಹೆಂಗಸಿನ ಕೈಗೆ ಕೊಡುತ್ತಾರೆಯೇ? ಡಾಕ್ಟರ್ ಪರಮಶಿವಯ್ಯನವರು ನನ್ನನ್ನು ಪರದೆಯ ಈಚೆ ಕೂರಿಸಿ ಇವರನ್ನು ಒಳಗೆ ಕರೆದರು. ಪರದೆ ಬಟ್ಟೆಯದು, ಗೋಡೆಯಲ್ಲವಲ್ಲ.

"ಕಾನ್ ಟೆಸ್ಟು ಪಾಸಿಟಿವ್ ಬಂದಿದೆ. ಕೆಟ್ಟ ಸಹವಾಸದಿಂದ ಬರೋ ಕಾಯ್ಲೆ ಇದು. ಮಗು ನಿಲ್ದೇ ಇದ್ದಿದ್ದಕ್ಕೂ ಇದೇ ಕಾರಣ ಇರ್ಬೋದು. ನಿಮ್ಮಾಕೇನ ಒಂದೆರಡು ಮಾತು ಕೇಳ್ಬೇಕಾಗುತ್ತೆ" ಎಂದರು ಡಾಕ್ಟರು.

ಇವರು ಒಂದು ಕ್ಷಣವೂ ಯೋಚಿಸಲಿಲ್ಲ. "ಅವಳನ್ನೇನೂ ಕೇಳ್ಬೇಡಿ ಡಾಕ್ಟ್ರೆ. ತಪ್ಪು ನಂದೇ. ಬೊಂಬಾಯಿಗೆ ಹೋದಾಗ..." ಎಂದು ನಿಲ್ಲಿಸಿದರು.

ಅಷ್ಟೇ. ಮನೆಗೆ ಜಟಕಾದಲ್ಲಿ ಬಂದೆವು. ನಾನು ಕೇಳಿಸಿಕೊಂಡದ್ದು ಇವರಿಗೆ ಗೊತ್ತಿಲ್ಲ. ಅಂದಿನಿಂದ ಇಬ್ಬರಿಗೂ ಪೆನಿಸಿಲಿನ್ ಚುಚ್ಚಿದ್ದೇ ಚುಚ್ಚಿದ್ದು. ನನಗೆ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಕೂದಲು ಉದುರುತ್ತಿದೆ. ಐದು ತಿಂಗಳಿಂದ ಇವರು ಬಡಿಸಿದ್ದು ಉಣ್ಣುತ್ತಾರೆ, ಔಷಧಿ ತರುತ್ತಾರೆ, ತಲೆ ಎತ್ತಿ ನೋಡುವುದಿಲ್ಲ. ನನ್ನ ಮಗುವನ್ನು ತಿಂದವರು ಇವರೇ ಎಂದು ನನಗೆ ಅನ್ನಿಸುತ್ತದೆ. ಹೀಗೆ ಬರೆಯಲು ಭಯವಾಗುತ್ತದೆ, ಆದರೂ ಅನ್ನಿಸುತ್ತದೆ. ಇವರನ್ನು ನಾನು ಬಹಳ ಇಷ್ಟಪಟ್ಟಿದ್ದೆ ಗೋದಾ.

ದೀಪಾವಳಿಗೆ ಮಲ್ಲೇಶ್ವರದ ತವರಿಗೆ ಹೋಗುತ್ತೇನೆ. ಮತ್ತೆ ಈ ಮನೆಗೆ ಬರುವುದಿಲ್ಲ. ಕಾರಣ ಯಾರಿಗೂ ಹೇಳುವುದಿಲ್ಲ. ನಿನ್ನ ಆಸ್ಪತ್ರೆಯಲ್ಲಿ ನನ್ನಂಥವಳಿಗೆ ಏನಾದರೂ ಕೆಲಸ ಸಿಕ್ಕೀತೇ, ವಿಚಾರಿಸು.

ಮಹಾನಂದ

•

ಮದರಾಸು
೭ ಸೆಪ್ಟೆಂಬರ್ ೧೯೫೪

ನನ್ನ ಮಹಾನಂದ,

ನಿನ್ನ ಕಾಗದ ಓದಿ ಬೇರೆ ಕೆಲಸವೇ ಸಾಗಲಿಲ್ಲ. ಬೊಂಬಾಯಿ, ಸೀರೆ ಎಂದು ನಾನು ಬರೆದದ್ದನ್ನು ಹರಿದುಹಾಕು.

ಮೊದಲು ಒಂದು ಮಾತು. ಇವತ್ತಿನಿಂದ ತಾರಸಿ ಹತ್ತಬೇಡ. ಬಿಸಿಲಿನ ಒಂದು ಕಿರಣವೂ ಮೈಮೇಲೆ ಬೀಳಬಾರದು. ಯಾಕೆಂದು ಈಗ ಕೇಳಬೇಡ.

ಎರಡನೆಯದು. ರಕ್ತ ಸುಳ್ಳು ಹೇಳುವುದಿಲ್ಲ ಎಂದು ಬರೆದಿದ್ದೆನಲ್ಲ? ಹೇಳುತ್ತದೆ. ನಿನ್ನ ಕಾಗದದ ಕೆನ್ನೆ, ಕೂದಲು, ಕೀಲು, ಜ್ವರ ಎಲ್ಲವನ್ನೂ, ಹೆಸರು ಮಾತ್ರ ಬಿಟ್ಟು, ನಮ್ಮ ದೊಡ್ಡ ಡಾಕ್ಟರಮ್ಮನಿಗೆ ಹೇಳಿದೆ. ಅವರು ಪುಸ್ತಕ ತೆಗೆದು ತೋರಿಸಿದರು. ಮೈಯೊಳಗೆ ಹೊರಗಿನ ರೋಗವನ್ನು ತಡೆಯಲು ಕಾವಲು ಹುಟ್ಟುತ್ತದೆ. ಕೆಲವರಲ್ಲಿ ಆ ಕಾವಲುಗಾರ ಮನೆಯವರನ್ನೇ ಕಳ್ಳರೆಂದು ಹಿಡಿದು ಹೊಡೆಯುತ್ತಾನೆ. ಯಾಕೆ ಹಾಗೆ ಎಂದು ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲವಂತೆ. ಲೂಪಸ್ ಎಂದು ಹೆಸರು. ಅಂಥವರ ರಕ್ತದಲ್ಲಿ ಕಾನ್ ಪರೀಕ್ಷೆ ಎಷ್ಟೋ ಸಲ ಸುಮ್ಮಸುಮ್ಮನೆ ಪಾಸಿಟಿವ್ ಬರುತ್ತದೆ. ಕೆಟ್ಟ ಕಾಯಿಲೆಯೂ ಇಲ್ಲ, ಕೆಟ್ಟ ಸಹವಾಸವೂ ಇಲ್ಲ.

ಅದನ್ನು ಕಂಡುಹಿಡಿಯಲು ಕೆಲವೇ ವರ್ಷದಿಂದ ಒಂದು ಪರೀಕ್ಷೆ ಬಂದಿದೆ. ರೋಗಿಯ ರಕ್ತದ ತಿಳಿಯನ್ನು ಆರೋಗ್ಯವಂತರ ರಕ್ತಕ್ಕೆ ಬೆರೆಸಿ ಮೈಬಿಸಿಯಲ್ಲಿ ಇಡಬೇಕು. ಆ ಕಾವಲು ಅದರಲ್ಲಿದ್ದರೆ ಬಿಳಿ ಕಣವೊಂದು ಇನ್ನೊಂದರ ಹೊಟ್ಟೆಯೊಳಗಿನ ಬೀಜವನ್ನು ನುಂಗಿ ಕೂತಿರುತ್ತದೆ. ಕಣ್ಣಾರೆ ಕಾಣುತ್ತದೆ. ಕಾಣದಿದ್ದರೆ ನನ್ನ ಊಹೆ ತಪ್ಪು ಎಂದುಕೋ.

ಡಾಕ್ಟರ್ ಪರಮಶಿವಯ್ಯನವರಿಗೆ ಬೇರೆ ಕಾಗದ ಇಟ್ಟಿದ್ದೇನೆ. ಅವರು ರಕ್ತ ತೆಗೆದು, ಹೆಪ್ಪುಗಟ್ಟಿದ ಮೇಲೆ ತಿಳಿಯನ್ನು ಮಾತ್ರ ಬಸಿದು ಕೊಳವೆಯಲ್ಲಿ ಮುಚ್ಚಿ ಕೊಡಲಿ. ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟು ಯಾರಾದರೂ ನಂಬಿಕಸ್ಥರ ಕೈಲಿ ಮದರಾಸು ಮೇಲ್ ರೈಲಿನಲ್ಲಿ ಕಳಿಸು. ಅಲ್ಲಿಯವರೆಗೆ ಎಲ್ಲೂ ಹೋಗಬೇಡ. ಇಷ್ಟು ನನಗೋಸ್ಕರ ಮಾಡು.

ಗೋದಾ

•

ಚಾಮರಾಜಪೇಟೆ
೨೪ ಸೆಪ್ಟೆಂಬರ್ ೧೯೫೪

ಗೋದಾ,

ಕಿಟಕಿಗಳನ್ನೆಲ್ಲ ಮುಚ್ಚಿಸಿ ಬೀದಿ ಬದಿಯ ಕೋಣೆಯಲ್ಲಿ ಕೂತಿದ್ದೇನೆ. ಎರಡು ವಾರವಾಯಿತು. ಬಾಗಿಲ ಹಲಗೆಯಲ್ಲಿ ಒಂದು ಗಂಟು ಬಿದ್ದುಹೋಗಿ ಹುಣಸೆಬೀಜದಷ್ಟು ತೂತಾಗಿದೆ. ಮಧ್ಯಾಹ್ನ ಅದರಿಂದ ಬೆಳಕು ಬಂದು ಎದುರಿನ ಗೋಡೆಯ ಮೇಲೆ ನಮ್ಮ ಬೀದಿ ಇಡೀ ಮೂಡುತ್ತದೆ ಕಣೇ, ತಲೆಕೆಳಗಾಗಿ! ಜಟಕಾ ಆಕಾಶದಲ್ಲಿ ಹೋಗುತ್ತದೆ. ಹೂವಿನ ತುಳಸಮ್ಮ ಬುಟ್ಟಿಯ ಸಮೇತ ಸೂರಿನಿಂದ ನೇತಾಡುತ್ತ ನಡೆದುಬರುತ್ತಾಳೆ, ಒಂದು ಮಲ್ಲಿಗೆಯೂ ಉದುರುವುದಿಲ್ಲ. ಸದ್ದು ಮಾತ್ರ ಬೀದಿಯಿಂದ ಸರಿಯಾಗಿ ಬರುತ್ತದೆ. ನೋಡುತ್ತ ನೋಡುತ್ತ ನಾನೂ ಸೂರಿಗೆ ಅಂಟಿಕೊಂಡು ಮಲಗಿದ್ದೇನೆ ಅನ್ನಿಸುತ್ತದೆ. ಜ್ವರ ಸ್ವಲ್ಪ ಇಳಿದಿದೆ.

ಅತ್ತೆಗೆ ಕೋಪ ಬಂದಿದೆ. "ಹೊಸ ಡಾಕ್ಟ್ರು ಬಿಸ್ಲು ಬೇಡ ಅಂದ್ರಂತೆ! ಸೂರ್ಯನ್ನೇ ಬೇಡ ಅನ್ನೋರನ್ನ ಇದೇ ನೋಡಿದ್ದು" ಎನ್ನುತ್ತಾರೆ. ಆದರೂ ಇವತ್ತು ಸಂಜೆ ತಾವೇ ಬಾಗಿಲಿಗೆ ಕಂಬಳಿ ಕಟ್ಟಿದರು. ತೂತಿನ ಜಾಗ ಮಾತ್ರ ಬಿಡಿಸಿಕೊಂಡೆ.

ರಕ್ತ ಸೋಮವಾರ ತೆಗೆಯುತ್ತಾರೆ. ತರುವವರು ಇವರೇ. ನಾನು ಕೇಳಲಿಲ್ಲ. ನಿನ್ನ ಕಾಗದವನ್ನು ಡಾಕ್ಟರು ಓದಿ ಹೇಳಿದ್ದೇ ಇವರು, "ನಾನ್ ತಗೊಂಡ್ಹೋಗ್ತೀನಿ" ಎಂದು ಎದ್ದು ನಿಂತರಂತೆ. ಹೊಸ ಫ್ಲಾಸ್ಕು ತಂದಿದ್ದಾರೆ. ಅದಕ್ಕೆ ನೀರು ತುಂಬಿ, ಮುಚ್ಚಳ ತಿರುಗಿಸಿ, ಸೋರುತ್ತದೆಯೋ ಎಂದು ಹತ್ತು ಸಲ ಬೋರಲು ಹಾಕಿ ನೋಡುತ್ತಿದ್ದುದನ್ನು ಕತ್ತಲಿನಿಂದ ನೋಡಿದೆ. ತಪ್ಪು ಮಾಡಿದವರು ಹೀಗೆ ಒದ್ದಾಡುತ್ತಾರೆ.

ಅವರನ್ನು ಏನೂ ಕೇಳಬೇಡ. ಪರೀಕ್ಷೆಯಲ್ಲಿ ಏನೇ ಬರಲಿ, ಅವರು ತಮ್ಮ ಬಾಯಲ್ಲಿ ಹೇಳಿದ್ದು ಸುಳ್ಳಾಗುವುದಿಲ್ಲವಲ್ಲ. ನನ್ನ ಪೆಟ್ಟಿಗೆಯಲ್ಲಿ ಬಟ್ಟೆ ಜೋಡಿಸಿಟ್ಟಿದ್ದೇನೆ.

ಮಹಾನಂದ

•

ಮದರಾಸು
೩೦ ಸೆಪ್ಟೆಂಬರ್ ೧೯೫೪

ಮಹಾನಂದ,

ಕೂತು ಓದು. ಪೆಟ್ಟಿಗೆಯ ಮೇಲೆ ಬೇಡ.

ಮಂಗಳವಾರ ಬೆಳಿಗ್ಗೆ ನಾನು ಲ್ಯಾಬಿನ ಬಾಗಿಲು ತೆಗೆಯುವ ಮೊದಲೇ ನಿನ್ನ ಏಕಾಂತಯ್ಯನವರು ಬೆಂಚಿನ ಮೇಲೆ ಇದ್ದರು. ಫ್ಲಾಸ್ಕು ತೊಡೆಯ ಮೇಲೆ, ಎರಡು ಕೈಯಲ್ಲೂ ಹಿಡಿದಿದ್ದರು. ರೈಲಿನಲ್ಲಿ ಕೆಳಗಿಡಲಿಲ್ಲವಂತೆ, ಅಲುಗಾಡೀತೆಂದು. ಕೈ ಬಿಡಿಸಿಕೊಂಡು ತೆಗೆದುಕೊಳ್ಳಬೇಕಾಯಿತು.

ಆರೋಗ್ಯವಂತರ ರಕ್ತ ಬೇಕಲ್ಲ? ನನ್ನದೇ ತೆಗೆದುಕೊಂಡೆ. ಎರಡು ಪಾಲು ಮಾಡಿದೆ. ಒಂದಕ್ಕೆ ನನ್ನ ತಿಳಿಯೇ, ಇನ್ನೊಂದಕ್ಕೆ ನಿನ್ನ ತಿಳಿ. ಮೈಬಿಸಿಯ ಪೆಟ್ಟಿಗೆಯಲ್ಲಿಟ್ಟು ಕಾದೆ. ಗಾಜಿಗೆ ಸವರಿ, ಬಣ್ಣ ಹಾಕಿ, ಮೊದಲನೆಯದನ್ನು ಇಡೀ ಹುಡುಕಿದೆ, ಏನೂ ಇಲ್ಲ. ಎರಡನೆಯದನ್ನು ಇಟ್ಟೆ. ಬಹಳ ಹೊತ್ತು ಅದರಲ್ಲೂ ಏನೂ ಇರಲಿಲ್ಲ. ನನಗೆ ಅಳು ಬಂದು ಕಣ್ಣೊರೆಸಿಕೊಂಡು ಮತ್ತೆ ನೋಡಿದೆ. ನಸುನೇರಳೆಯ ಬಯಲಿನಲ್ಲಿ ಅದು ಇತ್ತು. ಒಂದು ಕಣ, ಅದರ ಹೊಟ್ಟೆ ತುಂಬ ನೇರಳೆ ಬಣ್ಣದ ನುಣುಪಾದ ಉಂಡೆ, ತನ್ನದೇ ಬೀಜವನ್ನು ಅಂಚಿಗೆ ಒತ್ತರಿಸಿಕೊಂಡು. ಸಂಜೆಯೊಳಗೆ ಇನ್ನೂ ಮೂರು ಸಿಕ್ಕವು. ಡಾಕ್ಟರಮ್ಮ ನೋಡಿ ನನ್ನ ಬೆನ್ನು ತಟ್ಟಿದರು. ನಿನ್ನ ರಕ್ತ, ನನ್ನ ರಕ್ತ ಒಂದೇ ಗಾಜಿನ ಮೇಲೆ ಇದ್ದವು ಕಣೇ. ಒರೆಸಲು ಮನಸ್ಸಾಗದೆ ಎತ್ತಿಟ್ಟಿದ್ದೇನೆ.

ನಿನಗೆ ಇರುವುದು ಲೂಪಸ್. ಕಾನ್ ಪರೀಕ್ಷೆ ಹೇಳಿದ್ದು ಸುಳ್ಳು ಎಂದು ಡಾಕ್ಟರಮ್ಮನವರೇ ಸಹಿ ಹಾಕಿ ಡಾಕ್ಟರ್ ಪರಮಶಿವಯ್ಯನವರಿಗೆ ಬರೆದಿದ್ದಾರೆ. ಕಾರ್ಟಿಸೋನ್ ಎಂಬ ಮಾತ್ರೆ ಶುರುಮಾಡಬೇಕು.

ಇನ್ನು ನೀನು ಕೇಳಬೇಡ ಎಂದಿದ್ದು. ನಾನು ಕೇಳಲಿಲ್ಲ. ಬೆಂಚಿನ ಹತ್ತಿರ ಹೋಗಿ, "ನಿಮ್ಮಾಕೆಗೆ ಆ ಕಾಯ್ಲೆ ಇಲ್ಲ" ಎಂದೆ. ಅವರು ಮುಖ ಮುಚ್ಚಿಕೊಂಡರು. ಆಮೇಲೆ ತಾವಾಗಿ ಹೇಳಿದರು. "ನಾನು ಎಲ್ಲೂ ಹೋದೋನಲ್ಲಮ್ಮ. ಡಾಕ್ಟ್ರು ಅವಳನ್ನ ಕೇಳ್ತೀನಿ ಅಂದ್ರಲ್ಲ, ಅದಕ್ಕೇ ತಪ್ಪು ನಂದು ಅಂದ್ಬಿಟ್ಟೆ. ಆಮೇಲೆ ದಂಡಿನ ಕಡೆ, ಕಂಟೋನ್ಮೆಂಟಿಗೆ ಹೋಗಿ ಗುಟ್ಟಾಗಿ ನನ್ನ ರಕ್ತ ಪರೀಕ್ಷೆಗೆ ಕೊಟ್ಟೆ. ಅದ್ರಲ್ಲೂ ಆ ಕಾಯ್ಲೆ ಬರ್ಲಿ ಅಂತ ಬೇಡ್ಕೊಂಡೆ. ಏನೂ ಬರ್ಲಿಲ್ಲ. ಕಾಗ್ದ ಹರಿದು ಹಾಕ್ದೆ. ಅವಳನ್ನ ಕೇಳೋಕೆ ಹೆದರಿಕೆ ಆಯ್ತು. ಕೇಳಿದ್ರೆ ಉತ್ತರ ಬರುತ್ತಲ್ಲ." ನಿನಗೆ ಹೇಳಬಾರದೆಂದು ಮಾತು ತೆಗೆದುಕೊಂಡರು. ಕೊಟ್ಟ ಮಾತು ಮುರಿದಿದ್ದೇನೆ.

ನನ್ನದೂ ಒಂದು ತಪ್ಪಿದೆ. ಈ ಕಾಯಿಲೆಗೆ ಬಿಸಿಲು ವಿಷ. ಎರಡು ಗಂಟೆ ಕೂತುಕೋ ಎಂದು ಬರೆದ ಕೈ ಇದೇ. ಏಳು ತಿಂಗಳು ನಿನ್ನನ್ನು ಸುಟ್ಟವಳು ನಾನು. ಕ್ಷಮಿಸು ಎನ್ನಲೂ ನಾಚಿಕೆಯಾಗುತ್ತದೆ.

ಗೋದಾ

•

ಚಾಮರಾಜಪೇಟೆ
೨೯ ಅಕ್ಟೋಬರ್ ೧೯೫೪

ಪ್ರೀತಿಯ ಗೋದಾ,

ನಿನಗೆ ಬಿಸಿಲು ಸಿಕ್ಕದೆ ನನಗೆ ಕಳಿಸಿದೆ, ಅದರಲ್ಲಿ ಕ್ಷಮಿಸುವುದೇನು ಬಂತು? ಅತ್ತೆಗೂ ಇದನ್ನೇ ಹೇಳಿದೆ. ಅವರು ಅತ್ತು ಮುಗಿಸಿ, ಈಗ ಹೊತ್ತು ಹುಟ್ಟುವ ಮೊದಲೇ ಎದ್ದು ಕಿಟಕಿಗಳನ್ನು ಮುಚ್ಚಿಕೊಂಡು ಬರುತ್ತಾರೆ. ಹಾಳು ಬಿಸಿಲು ಎಂದು ಸೂರ್ಯನನ್ನು ಬೈದು ಆಮೇಲೆ ಕೆನ್ನೆ ಬಡಿದುಕೊಳ್ಳುತ್ತಾರೆ.

ನಿನ್ನ ಕಾಗದ ಓದಿ ನನಗೆ ಸಂತೋಷವಾಗಲಿಲ್ಲ. ಕೋಪ ಬಂತು. ಎಷ್ಟು ಕೋಪವೆಂದರೆ ಊಟ ಬಿಟ್ಟೆ. ನನ್ನ ಹೆಸರು ಉಳಿಸಲು ಹೋಗಿ ನನ್ನ ಗಂಡನನ್ನೇ ನನ್ನಿಂದ ಕಿತ್ತುಕೊಂಡರಲ್ಲ! ಐದು ತಿಂಗಳು ನಾನು ದ್ವೇಷಿಸಿದ್ದು ಯಾರನ್ನು? ಇಲ್ಲದ ಒಬ್ಬನನ್ನು. ಅದೂ ಸಾಲದು, ನನ್ನ ಮೇಲೆ ಅನುಮಾನ ಬೇರೆ. ಮೂರನೆಯ ದಿನ ಕತ್ತಲೆ ಕೋಣೆಗೆ ಕರೆದು ಕೇಳಿಯೇಬಿಟ್ಟೆ.

"ನನ್ನ ಮೇಲೆ ಅನುಮಾನ ಪಟ್ರಾ?"

"ಹೂಂ" ಎಂದರು. ಆಮೇಲೆ, "ನೀನು?" ಎಂದರು.

"ನಾನೂ ಪಟ್ಟೆ. ಪರದೆ ಈಚೆಯಿಂದ ಎಲ್ಲಾ ಕೇಳಿಸ್ಕೊಂಡಿದ್ದೆ."

"ಮತ್ತೆ ಬಿಟ್ಟು ಹೋಗ್ಲಿಲ್ಲ ಯಾಕೆ?"

"ದೀಪಾವಳಿಗೆ ಹೋಗೋಳಿದ್ದೆ. ಪೆಟ್ಟಿಗೆ ನೋಡಿ."

ಅವರು ಪೆಟ್ಟಿಗೆ ತೆರೆದು ಜೋಡಿಸಿಟ್ಟ ಸೀರೆಗಳನ್ನು ನೋಡುತ್ತ ಕೂತರು. ಗೋಡೆಯ ಮೇಲೆ ತುಳಸಮ್ಮ ತಲೆಕೆಳಗಾಗಿ ಹಾದುಹೋದಳು. ಇವರು ಅದನ್ನು ಅಂದೇ ಮೊದಲು ನೋಡಿದ್ದು. "ಇದೇನೇ ಇದು!" ಎಂದು ಬೆಚ್ಚಿ ನನ್ನ ಕೈ ಹಿಡಿದರು. ಗೆಣ್ಣು ನೋಯಿತು, ಬಿಡಿಸಿಕೊಳ್ಳಲಿಲ್ಲ. ಬೀದಿ ಪೂರ್ತಿ ಮಾಸುವವರೆಗೆ ಇಬ್ಬರೂ ನೋಡಿದೆವು.

ಮಾತ್ರೆ ಶುರುವಾಗಿದೆ. ಮುಖ ದುಂಡಗಾಗಿದೆ, ಚೊಂಬು ಹಿಡಿಯುತ್ತೇನೆ. ದೀಪಾವಳಿ ಇಲ್ಲೇ ಆಯಿತು. ಬೆಳಿಗ್ಗೆ ಪೂಜೆಗೆ ಹೋದರೆ ನನ್ನ ಮಣೆ ಗೋಡೆಯ ಹತ್ತಿರ ಇರಲಿಲ್ಲ. ಯಾರು ಸರಿಸಿದರೋ ಕೇಳಲಿಲ್ಲ, ಹೋಗಿ ಕೂತೆ.

ಗೋದಾ, ನಿನ್ನ ಕಾಗದವನ್ನು ಬಹಳ ಸಲ ಓದಿದ್ದೇನೆ. ಯಾವ ಕಾಯಿಲೆ, ಯಾವುದಲ್ಲ, ಯಾವ ಮಾತ್ರೆ ಎಲ್ಲ ಬರೆದಿದ್ದೀಯ. ಇದು ವಾಸಿಯಾಗುತ್ತದೆ ಎಂದು ಎಲ್ಲೂ ಬರೆದಿಲ್ಲ. ಮರೆಯುವವಳಲ್ಲ ನೀನು. ಪುಸ್ತಕದಲ್ಲಿ ಎಷ್ಟು ವರ್ಷ ಎಂದು ಇದೆ? ಡಾಕ್ಟರಮ್ಮ ಏನು ಹೇಳಿದರು? ಇದ್ದದ್ದನ್ನು ಬರಿ. ಹೆದರುತ್ತೇನೆ, ಆದರೂ ಬರಿ. ಈ ಮನೆಯಲ್ಲಿ ಒಬ್ಬರನ್ನೊಬ್ಬರು ನೋಯಿಸಬಾರದೆಂದು ನುಂಗಿಕೊಂಡ ಮಾತಿಗೆ ಐದು ತಿಂಗಳು ಹೋದವು. ಇರುವುದು ಎಷ್ಟೋ, ಅದರಲ್ಲಿ ಇನ್ನು ಒಂದು ದಿನವನ್ನೂ ಹಾಗೆ ಕೊಡಲಾರೆ.

ಇವರು ಪಕ್ಕದಲ್ಲೇ ಕೂತಿದ್ದಾರೆ, ಈ ಸಾಲುಗಳನ್ನು ಓದುತ್ತಿದ್ದಾರೆ. ನಿನ್ನ ಉತ್ತರವನ್ನೂ ಇಬ್ಬರೂ ಒಟ್ಟಿಗೆ ಒಡೆಯುತ್ತೇವೆ. ಕವರಿನ ಮೇಲೆ ಇಬ್ಬರ ಹೆಸರೂ ಬರಿ.

ನಿನ್ನ
ಮಹಾನಂದ